ಜೇಬಿನ ಮೇಲಿನ ನಾಲ್ಕು ಚುಕ್ಕೆ

ನನ್ನ ಎಡಗೈ ಬಲಗೈಗಿಂತ ಒಂಬತ್ತು ಮಿಲಿಮೀಟರ್ ಗಿಡ್ಡ ಎಂಬುದು ನಲವತ್ತೊಂದು ವರ್ಷ ನನಗೆ ತಿಳಿದಿರಲಿಲ್ಲ. ತಿಳಿಯದೆ ಸುಖವಾಗಿದ್ದೆ. ನ್ಯಾಮತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಕಳೆದ ಏಪ್ರಿಲ್‌ನಲ್ಲಿ ಹೊಸದಾಗಿ ಹೊಲಿಸಿದ ಅಂಗಿಯನ್ನು ಪ್ರಯೋಗಾಲಯದ ಮೇಜಿನ ಮೇಲೆ ಹರಡಿ, ಎರಡೂ ತೋಳುಗಳನ್ನು ಉಕ್ಕಿನ ಅಳತೆಪಟ್ಟಿಯಿಂದ ಅಳೆದೆ. ಎಡತೋಳು ಏಳು ಮಿಲಿಮೀಟರ್ ಕಡಿಮೆ ಬಂತು. ಮೂರು ಸಲ ಅಳೆದು ಸರಾಸರಿ ತೆಗೆದರೂ ಏಳೇ.

ಅಂಗಿಯನ್ನು ಟೈಲರ್ ಮುಂದೆ ಇಟ್ಟಾಗ ಆತ ತಲೆ ಎತ್ತಲಿಲ್ಲ.

"ತೋಳು ಸರಿ ಐತೆ ಮೇಷ್ಟ್ರೇ. ಕೈ ಅಳದು ನೋಡ್ರಿ."

ಮನೆಗೆ ಬಂದು ಹೆಂಡತಿ ಚೈತ್ರಶ್ರೀಯಿಂದ ಕೈ ಅಳೆಸಿದೆ. ಒಂಬತ್ತು. ಎಂದರೆ ಟೈಲರ್ ನನ್ನ ಕೈಯ ದೋಷವನ್ನು ಬರಿಗಣ್ಣಿನಿಂದಲೇ ಕಂಡುಹಿಡಿದು ಅಂಗಿಯಲ್ಲಿ ಸರಿಪಡಿಸಿದ್ದ. ಎರಡು ಮಿಲಿಮೀಟರ್ ಮಾತ್ರ ತಪ್ಪಿದ್ದ. ಬೇರೆ ಯಾರಾದರೂ ಆಗಿದ್ದರೆ ಅವನಿಗೆ ಕೈ ಮುಗಿಯುತ್ತಿದ್ದರು. ನಾನು ಹಿಂತಿರುಗಿ ಹೋಗಿ ಆ ಎರಡರ ವಿಷಯ ತಿಳಿಸಿದೆ.

ಟೈಲರ್ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟ. "ಮೇಷ್ಟ್ರೇ, ನಿಮಗೆ ಹೊಲಿಯಾಕೆ ನನ್ ಕೈಯಾಗೆ ಆಗಲ್ಲ. ನೀವೇ ಹೊಲ್ಕೊಂಬಿಡ್ರಿ."

"ಹೊಲ್ಕೊಳ್ತೀನಿ," ಎಂದೆ.

ಅಂಗಡಿಯ ಬೆಂಚಿನ ಮೇಲೆ ಆಗ ನಾಲ್ಕು ಜನ ಚಹಾ ಕುಡಿಯುತ್ತಿದ್ದರು. ನಾಲ್ಕು ಲೋಟಗಳೂ ಅರ್ಧಕ್ಕೇ ನಿಂತವು. ಸಂಜೆಯೊಳಗೆ ನ್ಯಾಮತಿಯ ಬಸ್ ನಿಲ್ದಾಣದವರೆಗೆ ಸುದ್ದಿ ಹೋಗಿತ್ತು. ಮರುದಿನ ಹೆಡ್‌ಮಾಸ್ಟರು ನನ್ನನ್ನು ಕರೆದು ತಮ್ಮ ಪ್ಯಾಂಟಿನ ಜಿಪ್ಪು ಸರಿ ಮಾಡಿಕೊಡಲು ಸಾಧ್ಯವೇ ಎಂದು ಗಂಭೀರವಾಗಿ ವಿಚಾರಿಸಿದರು.

ಹೊಲಿಯುತ್ತೇನೆ ಎಂದು ಬಾಯಿ ಬಿಟ್ಟಾಗಿತ್ತು; ಮಿಷನ್ನು ಬೇಕಲ್ಲ. ಮಿಷನ್ನು ಜಗಳೂರಿನಲ್ಲಿತ್ತು. ನನ್ನ ಅತ್ತೆ ಗಾದ್ರಮ್ಮನವರು ನಲವತ್ತು ವರ್ಷ ಅರ್ಧ ಜಗಳೂರಿಗೆ ರವಿಕೆ, ಲಂಗ ಹೊಲಿದುಕೊಟ್ಟ ಕಪ್ಪು ಬಣ್ಣದ ಕಾಲುಮಿಷನ್ನು. ಅವರ ಮಗ ಆಂಜನೇಯ ಅದೇ ಊರಿನಲ್ಲಿ ಹೊಸ ಮನೆ ಕಟ್ಟಿದ್ದ. ಜೂನ್ ಮೊದಲ ವಾರ ಗೃಹಪ್ರವೇಶ. ಹೊಸ ಮನೆಯಲ್ಲಿ ಹಳೆ ಮಿಷನ್ನಿಗೆ ಜಾಗವಿಲ್ಲವೆಂದು ಅದನ್ನು ಅಂಗಡಿಗೆ ಕೊಟ್ಟು, ಬದಲಿಗೆ ಕರೆಂಟಿನ ಮಿಷನ್ನು ತರುವುದೆಂದು ಗೊತ್ತುಮಾಡಿಕೊಂಡಿದ್ದ. ನಾನು ಫೋನು ಮಾಡಿ ಅದು ನನಗೆ ಬೇಕೆಂದೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ಅತ್ತೆಯವರು ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ಮದುವೆಯಾಗಿ ಹನ್ನೆರಡು ವರ್ಷವಾದರೂ "ಬರ್ರಿ ಅಳಿಯಂದ್ರು", "ಉಣ್ರಿ ಅಳಿಯಂದ್ರು" ಎಂಬ ಎರಡು ವಾಕ್ಯಗಳನ್ನು ಬಾಗಿಲ ಹಿಂದಿನಿಂದ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳುತ್ತಾರೆ. ಅಳಿಯನಿಗೆ ಗಟ್ಟಿಯಾಗಿ ಒಂದು ಮಾತು ಅನ್ನುವುದು ಅವರ ಪ್ರಕಾರ ದೇವರ ಪಟಕ್ಕೆ ಉಗಿದಂತೆ. ಹೇಳಲೇಬೇಕಾದದ್ದು ಇದ್ದರೆ ಹತ್ತಿರ ಇರುವ ವಸ್ತುವಿಗೆ ಹೇಳುತ್ತಾರೆ. ನಾನು ಒಮ್ಮೆ ಫ್ಯಾನು ಆರಿಸದೆ ಹೊರಗೆ ಹೋದಾಗ ಇಡೀ ಬೈಗುಳ ಫ್ಯಾನು ತಿಂದಿತ್ತು.

ಹಾಗಾಗಿ ನನ್ನ ಬೇಡಿಕೆಗೆ ಉತ್ತರವನ್ನು ಅವರು ಮಿಷನ್ನಿಗೆ ಕೊಟ್ಟರು. ಆಂಜನೇಯ ಫೋನನ್ನು ಅತ್ತ ಹಿಡಿದಿದ್ದ.

"ಲೇ ಮಿಷನ್ನೇ, ನಿನ್ನ ಒಯ್ದು ಮೂಲೇಲಿಟ್ಟು ಮ್ಯಾಲೆ ಪುಸ್ತಕ ಪೇರಿಸೋರ ಮನೀಗೆ ಕಳಿಸಲ್ಲ ಕಣೆ. ಯಾರು ನಿನ್ ಮ್ಯಾಲೆ ಒಂದು ಅಂಗಿ ಹೊಲಿದು, ಪ್ರವೇಶದ ದಿನ ಹತ್ತು ಜನದ ಮುಂದೆ ಹಾಕ್ಕೊಂಡು ನಿಲ್ತಾರೋ, ಅವರ ಹಿಂದೆ ಹೋಗು. ಇಲ್ಲಾಂದ್ರೆ ಅಂಗಡಿಗೇ ಹೋಗು."

ಬೇಸಿಗೆ ರಜೆ ಶುರುವಾದ ಮೂರನೆಯ ದಿನ ನಾನು ಜಗಳೂರಿನ ಬಸ್ ಹತ್ತಿದೆ. ಚೀಲದಲ್ಲಿ ಟೇಪು, ಉಕ್ಕಿನ ಅಳತೆಪಟ್ಟಿ, ಗ್ರಾಫ್ ಹಾಳೆ ಇದ್ದವು. ಜೊತೆಗೆ ಒಂದು ಅಂಗಿಪೀಸು. ನಮ್ಮ ಕಡೆ ಯಾವ ಕಾರ್ಯವಾದರೂ ಗಂಡಸರಿಗೆ ಅಂಗಿಪೀಸು, ಹೆಂಗಸರಿಗೆ ರವಿಕೆಪೀಸು ಮುಯ್ಯಿ ಮಾಡುವುದುಂಟು. ಬಟ್ಟೆಯ ಮೂಲೆಗೆ ಅರಿಶಿನ ಕುಂಕುಮದ ಒಂದು ಚುಕ್ಕೆ ಇಟ್ಟು ಕೈಗೆ ಕೊಡುತ್ತಾರೆ. ಈ ಪೀಸನ್ನು ಹೋದ ವರ್ಷ ನಾವು ಬೇರೆ ಮನೆಗೆ ಹೋಗಿ ಹಾಲುಕ್ಕಿಸಿದಾಗ ಆಂಜನೇಯ ಕೊಟ್ಟಿದ್ದ. ನಾನು ಅದರ ಡಬ್ಬಿಗೆ ಕೈ ಹಾಕಿದಾಗ ಚೈತ್ರಶ್ರೀ ತಡೆದಳು.

"ಅದು ಬ್ಯಾಡ. ಇಟ್ಟಿದೀನಿ."

"ಯಾಕೆ ಇಟ್ಟಿದೀಯ? ನನಗೆ ಕೊಟ್ಟದ್ದಲ್ವಾ?"

"ನಿಮಗೇ ಕೊಟ್ಟಿದ್ದು. ಆದ್ರೂ ಇಟ್ಟಿದೀನಿ. ಹೊನ್ನಾಳಿಯಾಗೆ ಒಂದು ಮದುವೆ ಬರ್ತೈತೆ."

ಅಂಗಿಪೀಸಿಗೂ ಹೊನ್ನಾಳಿಯ ಮದುವೆಗೂ ಏನು ಸಂಬಂಧವೆಂದು ಯೋಚಿಸದೆ ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ವಿಜ್ಞಾನ ಓದಿದವನು ಪ್ರಶ್ನೆ ಕೇಳಬೇಕಾದ ಜಾಗ ಅದಾಗಿತ್ತು.

ಜಗಳೂರಿನಲ್ಲಿ ಅತ್ತೆಯವರು ಪಡಸಾಲೆಯ ಕಿಟಕಿಯ ಕೆಳಗೆ ಮಿಷನ್ನು ಹಾಕಿಸಿ, ತಾವು ನಾಲ್ಕು ಮಾರು ದೂರದಲ್ಲಿ ಗೋಡೆಗೊರಗಿ ಕುಳಿತರು. ಪಾಠ ಆರಂಭವಾಯಿತು. ನಾನು ಪೆಡಲ್ ಒತ್ತಿದೆ. ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯಿತು.

"ಲೇ ಮಿಷನ್ನೇ," ಅಂದರು ಅತ್ತೆ, "ಎತ್ತಿಗೆ ಒದ್ದಂಗೆ ಒದಿಸ್ಕೋಬ್ಯಾಡ. ಮೊದಲು ಚಕ್ರಕ್ಕೆ ಕೈ ಕೊಡಿಸ್ಕೋ, ಆಮ್ಯಾಕೆ ಕಾಲು."

ನಾನು ಚಕ್ರಕ್ಕೆ ಕೈ ಕೊಟ್ಟೆ. ಮಿಷನ್ನು ಮುಂದಕ್ಕೆ ಓಡಿತು. ಓಡಿದ್ದು ನಿಲ್ಲಲಿಲ್ಲ. ಅಭ್ಯಾಸಕ್ಕೆಂದು ಕೊಟ್ಟಿದ್ದ ಹಳೆ ದಿಂಬಿನ ಚೀಲವನ್ನು ದಾಟಿ ನನ್ನ ಪಂಚೆಯ ಅಂಚನ್ನೂ ಸೇರಿಸಿ ಹೊಲಿಯಿತು. ಬಾಗಿಲಿಗೆ ಯಾರೋ ಬಂದರೆಂದು ಎದ್ದು ನಿಂತಾಗ ಮಿಷನ್ನೂ ನನ್ನ ಜೊತೆ ಒಂದು ಹೆಜ್ಜೆ ಬಂತು.

"ಹೆಣ್ಣು ಕೊಟ್ಟಿರೋದು ಸಾಲ್ದಾ? ನೀನೂ ಈಗ್ಲೇ ಅವರ ಹಿಂದೆ ಹೊರಟಿಯೇನೆ?" ಎಂದು ಅತ್ತೆ ಮಿಷನ್ನನ್ನು ಗದರಿಸಿದರು.

ಹತ್ತು ದಿನದಲ್ಲಿ ಮಿಷನ್ನು ಬಹಳ ಬೈಸಿಕೊಂಡಿತು, ನಾನು ಬಹಳ ಕಲಿತೆ. ನೇರ ಹೊಲಿಗೆ ಬಂತು. ಬಾಬಿನ್ನಿಗೆ ದಾರ ಸುತ್ತುವುದು, ಗುಂಡಿಯ ಕಾಜ ಹೊಲಿಯುವುದು ಬಂದವು. ಹನ್ನೊಂದನೆಯ ದಿನ ಅಂಗಿಪೀಸಿನ ಡಬ್ಬಿ ತೆರೆದೆ. ಎಳೆ ಹೆಸರುಕಾಳಿನ ಬಣ್ಣ, ಅದರ ಮೇಲೆ ಸಾಸಿವೆ ಬಣ್ಣದ ಸಣ್ಣ ಗೆರೆಗಳು. ಒಂದು ಮೂಲೆಯಲ್ಲಿ ಕುಂಕುಮದ ಚುಕ್ಕೆ ಒಂದಲ್ಲ, ಸಾಲಾಗಿ ನಾಲ್ಕು. ಆಂಜನೇಯನ ಪ್ರೀತಿ ನಾಲ್ಕು ಪಟ್ಟು ಎಂದು ಸಂತೋಷಪಟ್ಟೆ. ಚುಕ್ಕೆಗಳ ಪಕ್ಕದಲ್ಲಿ ಕೆಂಪು ದಾರದ ಪುಟ್ಟ ಅಡ್ಡ ಹೊಲಿಗೆ, ಗುಣಾಕಾರದ ಗುರುತಿನಂತೆ. ಅದು ಗಿರಣಿಯವರ ಗುರುತು ಎಂದು ತೀರ್ಮಾನಿಸಿದೆ.

ಬಟ್ಟೆ ನೋಡಿ ಅತ್ತೆಯವರು ಗೋಡೆ ಬಿಟ್ಟು ಎದ್ದುಬಂದರು. ಮೂಲೆಯನ್ನು ಹಿಡಿದು ಆ ಕೆಂಪು ದಾರದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಮಿಷನ್ನಿನ ಕಡೆ ತಿರುಗಿದರು.

"ಲೇ ಮಿಷನ್ನೇ, ಭೂಮಿ ದುಂಡಗೈತೆ ಅಂತ ಓದಿದೋರು ಹೇಳ್ತಾರಲ್ಲ, ಖರೇ ಇರ್ಬೇಕು ಕಣೆ."

ಭೂಮಿ ದುಂಡಗಿರುವುದು ನಿಜ, ಆದರೆ ಧ್ರುವಗಳ ಬಳಿ ತುಸು ಚಪ್ಪಟೆ ಎಂದು ನಾನು ವಿವರಿಸಿದೆ. ಅವರು ತಲೆಯಾಡಿಸಿ ಅಡುಗೆಮನೆಗೆ ಹೋದರು. ಒಳಗೆ ಒರಳುಕಲ್ಲಿಗೆ ಏನೋ ಹೇಳುತ್ತಿದ್ದದ್ದು ಕೇಳಿಸಿತು. ನಡುವೆ ಕೆಮ್ಮೋ ನಗುವೋ ಗೊತ್ತಾಗಲಿಲ್ಲ.

ಕತ್ತರಿಸುವ ಹೊತ್ತಿಗೆ ಮಿಷನ್ನಿಗೆ ಮತ್ತೊಂದು ಸೂಚನೆ ಬಂತು: "ಬಟ್ಟೆ ಜೋಡಿ ಮಡಿಚಿ, ಎದೀ ಭಾಗ ಎರಡೂ ಒಂದೇ ಸಲ ಕತ್ತರಿಸಿದ್ರೆ ಎಡ ಬಲ ತಾವೇ ಬರ್ತವೆ." ಅತ್ತೆಯವರು ಟೇಪು ಬಳಸುವುದಿಲ್ಲ, ಗೇಣು ಹಾಕಿ, ಬೆರಳು ಸೇರಿಸಿ, ಕತ್ತರಿ ಇಡುತ್ತಾರೆ. ಮಡಿಚಿದರೆ ಕೆಳಗಿನ ಪದರ ಜಾರಿ ಅಳತೆಯಲ್ಲಿ ದೋಷ ಬರುತ್ತದೆ ಎಂದು ನಾನು ಗ್ರಾಫ್ ಹಾಳೆಯ ನಕ್ಷೆ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದೊಂದು ಭಾಗವನ್ನೂ ಪ್ರತ್ಯೇಕವಾಗಿ ಕತ್ತರಿಸಿದೆ. ಅರ್ಧ ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲದ ಎರಡು ಎದೆಭಾಗಗಳು ಸಿದ್ಧವಾದವು. ಎರಡೂ ಎಡಭಾಗಗಳು.

ಹದಿನಾರು ವರ್ಷದಿಂದ ಹತ್ತನೆಯ ತರಗತಿಗೆ ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವ ಪಾಠ ಮಾಡುತ್ತಿರುವವನು ನಾನು. ಗೆರೆಗಳು ಬಟ್ಟೆಯ ಒಂದೇ ಬದಿಗೆ ಅಚ್ಚಾಗಿದ್ದರಿಂದ ತಿರುಗಿಸಿ ಹಾಕುವಂತೆಯೂ ಇರಲಿಲ್ಲ. ಉಳಿದ ಬಟ್ಟೆಯಲ್ಲಿ ಬಲಭಾಗ ಕತ್ತರಿಸಿದ ಮೇಲೆ ತೋಳುಗಳಿಗೆ ಉದ್ದ ಸಾಲದೆ ಅಡ್ಡವಾಗಿ ಕತ್ತರಿಸಬೇಕಾಯಿತು. ಮೈಮೇಲೆ ಗೆರೆ ಮೇಲಿಂದ ಕೆಳಕ್ಕೆ, ತೋಳಿನ ಮೇಲೆ ಜೇನುನೊಣದಂತೆ ಸುತ್ತ. ಹೆಚ್ಚಾದ ಎಡಭಾಗವನ್ನು ಎರಡು ಕಾಲರ್ ತಿಂದುಹಾಕಿದವು. ಮೊದಲನೆಯದು ನಾಯಿಯ ಕೊರಳಿಗೆ ಆಗುವಷ್ಟಿತ್ತು. ಕೊನೆಗೆ ಜೇಬಿಗೆ ಉಳಿದದ್ದು ಕುಂಕುಮದ ಆ ಮೂಲೆ ಮಾತ್ರ.

ಚುಕ್ಕೆ ಹೋಗಲಿ ಎಂದು ಸೋಪು ಹಚ್ಚಿ ತಿಕ್ಕಿದೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ. ಅದನ್ನೂ ನಾನು ಪಾಠ ಮಾಡುತ್ತೇನೆ. ನಾಲ್ಕು ಚುಕ್ಕೆಗಳೂ ಇನ್ನಷ್ಟು ಕೆಂಪಾಗಿ ಹೊಳೆದವು. ಇರಲಿ, ಮಂಗಳಕರ ಎಂದು ಜೇಬು ಹೊಲಿದು ಎಡ ಎದೆಯ ಮೇಲೆ ಕೂರಿಸಿದೆ.

ಗೃಹಪ್ರವೇಶದ ದಿನ ಬಂತು. ಹೊಸ ಮನೆಯ ಪಡಸಾಲೆಯಲ್ಲಿ ಹಳೆ ಮಿಷನ್ನಿಗೆ ಒಂದು ಮೊಳ ಹೂವು ಸುತ್ತಿ ಇಟ್ಟಿದ್ದರು. ಹೊರಗೆ ಲಗೇಜ್ ಆಟೋ ನಿಂತಿತ್ತು. ಊಟದ ನಂತರ ಅದು ಮಿಷನ್ನನ್ನು ನ್ಯಾಮತಿಗೆ ಒಯ್ಯಬೇಕೋ ಅಂಗಡಿಗೆ ಒಯ್ಯಬೇಕೋ ಎಂಬುದು ನನ್ನ ಅಂಗಿಯ ಮೇಲೆ ನಿಂತಿತ್ತು. ತೋಳಿನ ಗೆರೆಯ ಬಗ್ಗೆ, ಕಾಲರ್ ಬಗ್ಗೆ, ತುಸು ಮೇಲಕ್ಕೆ ಹೋದ ಎರಡನೆಯ ಗುಂಡಿಯ ಬಗ್ಗೆ ಯಾರು ಏನು ಕೇಳಿದರೂ ಹೇಳಲು ಉತ್ತರ ಸಿದ್ಧಮಾಡಿಕೊಂಡು, ಎದೆ ಸೆಟೆಸಿ ಒಳಗೆ ಹೋದೆ.

ಯಾರೂ ತೋಳು ನೋಡಲಿಲ್ಲ. ಕಾಲರ್ ನೋಡಲಿಲ್ಲ. ಹೊನ್ನಾಳಿಯಿಂದ ಬಂದಿದ್ದ ಗಿಡ್ಡಮ್ಮ, ಎಂದರೆ ಆಂಜನೇಯನ ಸೋದರತ್ತೆ, ಕೋಸಂಬರಿಯ ತಟ್ಟೆ ಹಿಡಿದುಕೊಂಡೇ ನನ್ನ ಎದೆಯ ಹತ್ತಿರ ಬಂದು ಬಗ್ಗಿ ಜೇಬನ್ನು ಓದಿದರು.

"ಆಂಜನೇಯ, ಬಾ ಇಲ್ಲಿ."

ಆಂಜನೇಯ ಬಂದ. ಜೇಬು ನೋಡಿದ. ಅವನ ಮುಖದ ನಗು ಜಾಗ ಬಿಟ್ಟಿತು.

"ನಿನ್ ನಿಶ್ಚಿತಾರ್ಥಕ್ಕೆ ನಾನು ಕೊಟ್ಟ ಬಟ್ಟೆ ಹೆಂಗೈತಪ್ಪ? ಹೊಲಿಸಿದ್ಯಾ?"

"ಹೊಲಿಸ್ದೆ ಅತ್ತೆ. ಹಾಕ್ಕೊಂಡು ಹಾಕ್ಕೊಂಡು ಹರಿದೇ ಹೋತು."

"ಹರಿದಿದ್ದು ಹಾರ್ಕೊಂಡು ನ್ಯಾಮತಿಗೆ ಹೋಗಿ ಮೇಷ್ಟ್ರ ಎದಿ ಮ್ಯಾಲೆ ಕುಂತೈತೆ ನೋಡು. ಹೆಸರುಕಾಳು ಬಣ್ಣ, ಕೆಂಪು ದಾರದ ಗುರ್ತು. ಪ್ರೀತಿಯಿಂದ ಆರಿಸಿ ತಂದಿದ್ನಲ್ಲೋ. ನೀನು ಹೊಲಿಸಾಕೂ ಕೈಲಾಗದೆ ದಾಟಿಸಿಬಿಟ್ಟಿ. ಇನ್ನು ನಿಮ್ಮನೀಗೆ ನಾನ್ಯಾಕೆ ಬರ್ಲಿ."

ಪುರೋಹಿತರು ಮಂತ್ರ ನಿಧಾನ ಮಾಡಿದರು. ಆಂಜನೇಯ ತಲೆ ತಗ್ಗಿಸಿದ. ಆಗ ಕಂಬದ ಪಕ್ಕದ ಕುರ್ಚಿಯಿಂದ ಜಂಪಣ್ಣ ಗಂಟಲು ಸರಿಮಾಡಿಕೊಂಡರು. ಅವರು ನಮ್ಮ ಅತ್ತೆಯವರ ಅಣ್ಣ, ಸಂತೇಬೆನ್ನೂರಿನವರು. ವರ್ಷಕ್ಕೆ ಎಣಿಸಿದಷ್ಟೇ ಮಾತಾಡುವ ಮನುಷ್ಯ.

"ಆರಿಸಿ ತಂದಿದ್ದು ಯಾವ ಅಂಗಡಿಯಾಗೆ ಗಿಡ್ಡಮ್ಮ?"

"ದಾವಣಗೆರೆಯಾಗೆ. ಯಾಕಣ್ಣ?"

"ಏನಿಲ್ಲ. ನಿಮ್ ಯಜಮಾನ್ರು ಟ್ರ್ಯಾಕ್ಟರ್ ತಂದಾಗ ಪೂಜೆಗೆ ಬಂದು ನಾನೂ ಇಂಥದ್ದೇ ಒಂದು ಕೊಟ್ಟಿದ್ದೆ. ಅದಕ್ಕೂ ಹಿಂಗೇ ಕೆಂಪು ದಾರದ ಗುರ್ತಿತ್ತು."

ಗಿಡ್ಡಮ್ಮ ಕೋಸಂಬರಿಯನ್ನು ಬಾಯಿತುಂಬ ಹಾಕಿಕೊಂಡು ಉತ್ತರಿಸದಿರಲು ಒಂದು ಕಾರಣ ಮಾಡಿಕೊಂಡರು. ಈಗ ತಲೆ ಎತ್ತಿದವನು ಆಂಜನೇಯ.

"ನಾನೊಬ್ಬ ಕಳ್ಳ, ನೀವೆಲ್ಲ ಸುಬಗರಾ ಹಂಗಾದ್ರೆ?"

ಮಾತು ಬೆಳೆಯಿತು. ಹೊನ್ನಾಳಿಯವರು ಒಂದು ಕಡೆ, ಸಂತೇಬೆನ್ನೂರಿನವರು ಒಂದು ಕಡೆ, ಎಂದೋ ಕೊಟ್ಟ ಸೀರೆ, ಕುಕ್ಕರು, ಗೋಡೆ ಗಡಿಯಾರ ಎಲ್ಲ ಹೊರಗೆ ಬಂದವು. ಒಂದು ಗಡಿಯಾರ ಮೂರು ಮನೆ ಸುತ್ತಿದ್ದು ಅಲ್ಲೇ ಬಯಲಾಯಿತು. ಈ ಗದ್ದಲದ ನಡುವೆ ನನಗೆ ಸಂಶೋಧಕನೊಬ್ಬನಿಗೆ ಆಗುವ ಬೆಳಕಾಯಿತು. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಇರುವಂತೆ ಈ ಜೇಬಿನಲ್ಲಿ ಒಂದೊಂದು ಮುಯ್ಯಿಗೆ ಒಂದೊಂದು ಚುಕ್ಕೆ. ನಾನು ಕೈ ಎತ್ತಿ ತರಗತಿಯ ಧ್ವನಿಯಲ್ಲಿ ಎಲ್ಲರನ್ನೂ ಸುಮ್ಮನಾಗಿಸಿದೆ.

"ಜಗಳ ಬೇಡ. ಸಾಕ್ಷ್ಯ ಇಲ್ಲೇ ಇದೆ. ಒಂದು ಚುಕ್ಕೆ ಆಂಜನೇಯನದು, ನನಗೆ ಕೊಟ್ಟಾಗ ಇಟ್ಟದ್ದು. ಒಂದು ಗಿಡ್ಡಮ್ಮನವರದು. ಒಂದು ಜಂಪಣ್ಣನವರದು. ಇನ್ನೂ ಒಂದು ಚುಕ್ಕೆ, ಒಂದು ದಾರದ ಗುರುತು ಉಳಿದಿವೆ. ಮಾವ, ನಿಮಗೆ ಈ ಬಟ್ಟೆ ಕೊಟ್ಟವರು ಯಾರು?"

ಚೈತ್ರಶ್ರೀ ನನ್ನ ಕಾಲು ತುಳಿದಳು. ಜನಸಂದಣಿಯಲ್ಲಿ ಆಗುವುದೇ ಎಂದು ಕಾಲು ಸರಿಸಿಕೊಂಡೆ.

"ನೆನಪಿಲ್ಲ ಮೇಷ್ಟ್ರೇ," ಎಂದರು ಜಂಪಣ್ಣ. "ಯಾರೋ ದೊಡ್ಡ ಮನಸಿನೋರು."

"ನೆನಪು ಮಾಡಿಕೊಳ್ಳಿ. ಉಡುಗೊರೆಯನ್ನು ಬಿಚ್ಚಿಯೂ ನೋಡದೆ ದಾಟಿಸುವ ಈ ಸರಪಳಿ ಎಲ್ಲಿ ಶುರುವಾಯಿತು ಅಂತ ಎಲ್ಲರಿಗೂ ಗೊತ್ತಾಗಬೇಕು."

"ಬ್ಯಾಡ್ರಿ ಮೇಷ್ಟ್ರೇ. ಒಳ್ಳೇ ದಿನ."

"ಸತ್ಯಕ್ಕೆ ಒಳ್ಳೆಯ ದಿನ ಕೆಟ್ಟ ದಿನ ಇಲ್ಲ, ಮಾವ. ಹೇಳಿ."

ಜಂಪಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನನ್ ಮಗನ ಮದುವೆ ಹನ್ನೊಂದು ವರ್ಷದ ಕೆಳಗೆ. ಚೈತ್ರ ಬಾಣಂತಿ, ಬರಾಕೆ ಆಗಲಿಲ್ಲ. ನೀವೊಬ್ರೇ ಬಂದಿದ್ರಿ. ಕೈಯಾಗೆ ಒಂದು ಡಬ್ಬಿ ಇತ್ತು. ಡಬ್ಬಿಯ ಬಾಯಿಗೆ ಅಂಟಿಸಿದ್ದ ಟೇಪು ಆಗಿನ್ನೂ ಬಿಚ್ಚಿರಲಿಲ್ಲ. ಮೂಲೆಗೆ ಕುಂಕುಮ ಇಡಾಕೆ ನನ್ ಮುಂದೇನೇ ಬಿಚ್ಚಿದ್ರಿ."

ಜಗಳೂರಿನಲ್ಲಿ ಜೂನ್ ತಿಂಗಳಲ್ಲಿ ಗಾಳಿ ನಿಲ್ಲುವುದು ಅಪರೂಪ. ಆಗ ನಿಂತಿತು. ನನಗೆ ನೆನಪಾಯಿತು: ಚೈತ್ರಶ್ರೀ ತವರಿನಲ್ಲಿದ್ದಳು, ಬಸ್ಸಿಗೆ ಹೊತ್ತಾಗಿತ್ತು, ಟ್ರಂಕು ತೆರೆದು ಮೇಲಿದ್ದ ಡಬ್ಬಿ ತೆಗೆದುಕೊಂಡು ಓಡಿದ್ದೆ. ಅದು ಯಾವ ಡಬ್ಬಿ, ಯಾರು ಕೊಟ್ಟದ್ದು ಎಂದು ನೋಡಿರಲಿಲ್ಲ. ಮೂಲೆಯಷ್ಟನ್ನೇ ಎಳೆದು ಕುಂಕುಮ ಹಚ್ಚಿ ಮತ್ತೆ ಮುಚ್ಚಿದ್ದೆ.

"ಹಂಗಾದ್ರೆ ಆ ದಾರದ ಗುರ್ತು?" ಎಂದು ಗಿಡ್ಡಮ್ಮ ಕೋಸಂಬರಿ ನುಂಗಿ ಕೇಳಿದರು. ಈ ಹಂತದಲ್ಲಿ ಅವರಿಗೆ ಹಸಿವಿಗಿಂತ ಕುತೂಹಲ ಹೆಚ್ಚಿತ್ತು.

ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ಹೋದವು. ಉತ್ತರ ಈಗ ಎಲ್ಲರಿಗೂ ಹೊಳೆದಿತ್ತು. ಕೊಡುವ ಬಟ್ಟೆಗೆ ಮೂಲೆಯಲ್ಲಿ ಕೆಂಪು ದಾರದ ಒಂದು ಅಡ್ಡ ಹೊಲಿಗೆ ಹಾಕುವವರು ನಮ್ಮ ಬಳಗದಲ್ಲಿ ಒಬ್ಬರೇ. ಬೇರೆಯವರು ಕುಂಕುಮ ಇಟ್ಟರೆ ಅವರು ಸೂಜಿ ಹಿಡಿಯುತ್ತಾರೆ. ಹೊಲಿಯುವ ಕೈ ಅದು. ಹನ್ನೆರಡು ವರ್ಷದ ಹಿಂದೆ ಅವರು ದಾವಣಗೆರೆಗೆ ಹೋಗಿ ಮದುವೆಯ ಗಂಡಿಗೆಂದು ಆರಿಸಿದ ಬಟ್ಟೆ, ಸಂತೇಬೆನ್ನೂರು, ಹೊನ್ನಾಳಿ, ಜಗಳೂರು ಸುತ್ತಿ, ಆ ಗಂಡಿನ ಮೈಗೇ ಬಂದಿತ್ತು. ಅದನ್ನು ಅವನೇ ಅವರ ಮಿಷನ್ನಿನ ಮೇಲೆ ಅವರ ಕಣ್ಣೆದುರಿಗೇ ಹೊಲಿದಿದ್ದ. ಡಬ್ಬಿ ತೆರೆದ ದಿನವೇ ಅವರಿಗೆ ಗೊತ್ತಾಗಿತ್ತು. ಭೂಮಿ ಧ್ರುವಗಳ ಬಳಿ ಚಪ್ಪಟೆ ಎಂದು ನಾನು ತಿಳಿಸಿದ್ದೆ.

ಗಾದ್ರಮ್ಮನವರು ಅಡುಗೆಮನೆಯಿಂದ ಹೊರಗೆ ಬಂದರು. ಎಲ್ಲರೂ ದಾರಿ ಬಿಟ್ಟರು. ಅವರು ಜೇಬು ನೋಡಲಿಲ್ಲ. ಆ ದಿನ ನನ್ನ ಹೊಲಿಗೆಯನ್ನು ನೋಡಿದವರು ಅವರೊಬ್ಬರೇ. ಕಾಲರ್ ಎತ್ತಿ ನೋಡಿದರು. ತೋಳಿನ ಬುಡದ ಹೊಲಿಗೆಯನ್ನು ಎರಡು ಬೆರಳಿನಿಂದ ಎಳೆದು ನೋಡಿದರು, ದಾರ ಹರಿಯಲಿಲ್ಲ. ಮೇಲಕ್ಕೆ ಹೋದ ಗುಂಡಿಯ ಹತ್ತಿರ ಸ್ವಲ್ಪ ನಿಂತರು. ನನ್ನ ಎರಡೂ ಕೈ ಕೆಳಗೆ ಬಿಡಿಸಿ ತೋಳಿನ ತುದಿಗಳನ್ನು ಹೋಲಿಸಿದರು. ಎಡತೋಳು ಒಂಬತ್ತು ಮಿಲಿಮೀಟರ್ ಕಡಿಮೆ ಇತ್ತು. ನಾನೇ ಹಾಗೆ ಹೊಲಿದಿದ್ದೆ. ಆಮೇಲೆ ಮಿಷನ್ನಿನ ಹತ್ತಿರ ಹೋದರು.

"ಆಂಜನೇಯ, ಮುಯ್ಯಿ ಬಟ್ಟೆ ತಗಂಬಾ."

ಆಂಜನೇಯ ಬಂದವರಿಗೆಂದು ತಂದಿಟ್ಟಿದ್ದ ಹೊಸ ಅಂಗಿಪೀಸುಗಳನ್ನು ತಂದ. ಅತ್ತೆಯವರು ಮಿಷನ್ನಿನ ಗೂಡಿನಿಂದ ಕತ್ತರಿ ತೆಗೆದು, ಒಂದೊಂದು ಪೀಸನ್ನೂ ಬಿಚ್ಚಿ, ಅಂಚಿನ ನಟ್ಟನಡುವೆ ಒಂದು ಗೇಣು ಉದ್ದ ಸೀಳಿದರು. ಜನ ಹತ್ತಿರ ಸರಿದು ನೋಡಿದರು. ಹೊಸ ಬಟ್ಟೆಯನ್ನು ಹೀಗೆ ಸೀಳಿ ಮುಯ್ಯಿ ಕೊಟ್ಟದ್ದನ್ನು ಯಾವ ಊರಿನವರೂ ಕಂಡಿರಲಿಲ್ಲ.

"ಕತ್ತರಿ ಬಿದ್ದದ್ದು ದಾಟಿಸಾಕೆ ಬರಲ್ಲ," ಎಂದರು, ಯಾರಿಗೂ ಅಲ್ಲದಂತೆ. "ಅಂಗೀ ಎದಿ ಸೀಳು ಅಲ್ಲೇ ಬರ್ಬೇಕು ಹೆಂಗೂ. ಇನ್ನು ಹೊಲಿಸ್ಕೊಳ್ರಿ."

ಮೊದಲ ಪೀಸು ಗಿಡ್ಡಮ್ಮನ ಯಜಮಾನರಿಗೆ ಹೋಯಿತು, ಎರಡನೆಯದು ಜಂಪಣ್ಣನಿಗೆ. ಇಬ್ಬರೂ ಅದನ್ನು ಸೀಳಿದ ಅಂಚು ಮೇಲಾಗಿ ಹಿಡಿದು ಕುಳಿತರು. ಪುರೋಹಿತರು ತಮಗೆ ಪಂಚೆಯೇ ಸಾಕು ಎಂದು ಮೊದಲೇ ಹೇಳಿಬಿಟ್ಟರು. ನನಗೂ ಒಂದು ಬಂತು.

ಊಟವಾಯಿತು. ಯಾರೂ ಜಗಳ ಮುಂದುವರಿಸಲಿಲ್ಲ, ಏಕೆಂದರೆ ಯಾರ ಟ್ರಂಕೂ ಜಗಳಕ್ಕೆ ನಿಲ್ಲುವಂತಿರಲಿಲ್ಲ. ಗಿಡ್ಡಮ್ಮ ಆಂಜನೇಯನಿಗೆ ತಾವೇ ಎರಡನೆಯ ಸಲ ಹೋಳಿಗೆ ಬಡಿಸಿದರು.

ಲಗೇಜ್ ಆಟೋದವನು ಬಾಗಿಲಲ್ಲಿ ನಿಂತು, "ಅಜ್ಜೀ, ಇದು ಅಂಗಡೀಗೋ ನ್ಯಾಮತೀಗೋ?" ಎಂದು ಕೇಳಿದ.

ಅತ್ತೆಯವರು ಮಿಷನ್ನಿನ ತಲೆಯ ಮೇಲೆ ಕೈಯಿಟ್ಟರು. ಸೆರಗಿನಿಂದ ಚಕ್ರದ ಧೂಳು ಒರೆಸಿದರು. "ಲೇ ಮಿಷನ್ನೇ, ನ್ಯಾಮತೀಗೆ ಹೋಗು. ಅಲ್ಲಿ ನಿನಗೆ ಕೆಲಸ ಐತೆ. ಬಟ್ಟೆ ಮಡಿಚಿ ಕತ್ತರಿಸಾಕೆ ಹೇಳು. ಎಡಗೈ ಅಳತೆ ಪರವಾಗಿಲ್ಲ ಅಂತ ಹೇಳು."

ನಾಲ್ವರು ಸೇರಿ ಮಿಷನ್ನನ್ನು ಆಟೋಕ್ಕೆ ಏರಿಸಿದರು. ನಾನು ಅದರ ಪಕ್ಕದಲ್ಲಿ ಕುಳಿತೆ. ಏನಾದರೂ ಹೇಳಬೇಕಿತ್ತು. ಅತ್ತೆಯವರಿಗೆ ನೇರವಾಗಿ ಹೇಳಲು ನನಗೂ ಬಾಯಿ ಬರಲಿಲ್ಲ. ನಾನು ಮಿಷನ್ನಿನ ಕಡೆ ತಿರುಗಿದೆ.

"ಮಿಷನ್ನವ್ವಾ, ಅತ್ತೆಯವರಿಗೆ ಹೇಳು. ಅವತ್ತು ಡಬ್ಬಿ ಬಿಚ್ಚಿ ನೋಡದೆ ಕೊಟ್ಟುಬಿಟ್ಟೆ. ತಪ್ಪಾಯ್ತು ಅಂತ ಹೇಳು."

ಅತ್ತೆಯವರು ಸೆರಗು ಸರಿಮಾಡಿಕೊಂಡರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ಮಿಷನ್ನಿಗೆ ಎಲ್ಲಿ ಕಿವಿ ಐತ್ರಿ ಅಳಿಯಂದ್ರೇ," ಎಂದರು. "ನಂಗೇ ಹೇಳ್ರಿ."